ಹೊಳೆ ಹತ್ತುವ ಮೀನು, ಹೊಳೆಯಲ್ಲಿ ಕಾಯುವ ಕರಡಿ

(ಶಿವಮೊಗ್ಗದಲ್ಲಿ ನಿಸರ್ಗಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಅಲಾಸ್ಕಾದ ಕಂದು ಕರಡಿಯೊಂದು ಜಲಪಾತದ ನೆತ್ತಿಯ ಮೇಲೆ ನಿಂತು, ನೀರಿನಿಂದ ಎಗರಿ ಬರುವ ಸಾಲ್ಮನ್ ಮೀನನ್ನು ಬಾಯಲ್ಲೇ ಹಿಡಿಯುವ ಚಿತ್ರವನ್ನು ತಮ್ಮಲ್ಲಿ ಬಹಳ ಮಂದಿ ಎಲ್ಲಾದರೂ ನೋಡಿಯೇ ಇರುತ್ತೀರಿ. ಆ ಒಂದು ಕ್ಷಣ ಎಷ್ಟು ಪ್ರಸಿದ್ಧವಾಗಿದೆಯೆಂದರೆ, ಅದಕ್ಕೆ ಮುಂಚಿನ ವರ್ಷಗಳೂ ಅದರ ನಂತರದ ತಿಂಗಳುಗಳೂ ನಮ್ಮ ಗಮನಕ್ಕೆ ಬಾರದೆ ಹೋಗುತ್ತವೆ. ಕರಡಿ ಮೀನು ಹಿಡಿಯುವುದನ್ನು ಸರಿಯಾಗಿ ನೋಡಬೇಕಾದರೆ ಮೊದಲು ಮೀನನ್ನು ನೋಡಬೇಕು. ಮೀನನ್ನು ತಿಳಿಯಬೇಕಾದರೆ ಕಡಲಿನಿಂದ ಸರೋವರದವರೆಗೆ ತಡೆಯಿಲ್ಲದೆ ಹರಿಯುವ ಹೊಳೆಯನ್ನು ತಿಳಿಯಬೇಕು. ನಾನು ಇಂದು ಹೇಳಬಯಸುವುದು ಇದನ್ನೇ.

ಇದನ್ನು ಮಲೆನಾಡಿನವರ ಮುಂದೆ ಹೇಳುವಾಗ ನನಗೆ ಒಂದು ಅನುಕೂಲವಿದೆ. ಮೃಗಶಿರಾ ಮಳೆ ಹಿಡಿದು ಹಳ್ಳಗಳು ಕೆಂಪಗೆ ತುಂಬಿ ಹರಿಯತೊಡಗಿದೊಡನೆ ಹೊಳೆಯ ಮೀನುಗಳು ಮೊಟ್ಟೆಯಿಡಲೆಂದು ಹಳ್ಳ, ತೋಡುಗಳ ಗುಂಟ ಗದ್ದೆಯವರೆಗೂ ಹತ್ತಿ ಬರುವುದನ್ನು ನಾವೆಲ್ಲ ಕಂಡವರು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಗಳಲ್ಲಿ ಹತ್ತುಮೀನಿಗೆ ಕೂಣಿ ಎಂಬ ಮೀನುಬೋನು ಒಡ್ಡಿದವರು, ಬ್ಯಾಟರಿ ಹಿಡಿದು ರಾತ್ರಿಯ ಮಳೆಯಲ್ಲಿ ಗದ್ದೆಗಿಳಿದವರು ಈ ಸಭೆಯಲ್ಲಿಯೂ ಇದ್ದೀರಿ. ಸಾಲ್ಮನ್ನಿನದೂ ಹೀಗೆಯೇ ಏರುವ ಪಯಣ. ಆದರೆ ಅದರ ದೂರ ಬೇರೆ, ಅದು ತೆರುವ ಬೆಲೆ ಬೇರೆ. ನಮ್ಮ ಮೀನು ಮೊಟ್ಟೆಯಿಟ್ಟು ಇಳಿಯುವ ನೀರಿನೊಡನೆ ಮರಳಿ ಹೊಳೆಗೆ ಸೇರಬಲ್ಲದು. ಪೆಸಿಫಿಕ್ ಸಾಗರದ ಸಾಲ್ಮನ್ ಮೊಟ್ಟೆಯಿಟ್ಟ ಮೇಲೆ ಸಾಯುತ್ತದೆ, ತಪ್ಪದೆ ಸಾಯುತ್ತದೆ.

ನಾನು ಮುಖ್ಯವಾಗಿ ಮಾತನಾಡುವುದು ಅಮೆರಿಕದ ಅಲಾಸ್ಕಾ ರಾಜ್ಯದ ಕ್ಯಾಟ್ಮೈ ರಾಷ್ಟ್ರೀಯ ಉದ್ಯಾನದ ಬ್ರೂಕ್ಸ್ ನದಿಯ ಬಗ್ಗೆ. 1912ರ ಜೂನ್‌ನಲ್ಲಿ ಅಲ್ಲಿ ನೊವರಪ್ಟ ಎಂಬ ಜ್ವಾಲಾಮುಖಿ ಸಿಡಿಯಿತು. ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಸ್ಫೋಟವೆಂದು ಹೆಸರಾದ ಅದರ ಕುರುಹುಗಳನ್ನು ಕಾಪಾಡಲೆಂದೇ 1918ರಲ್ಲಿ ಆ ಪ್ರದೇಶಕ್ಕೆ ರಕ್ಷಣೆ ದೊರೆಯಿತು. ರಾಷ್ಟ್ರೀಯ ಉದ್ಯಾನವಾದದ್ದು 1980ರಲ್ಲಿ. ನಮ್ಮ ಶಿವಮೊಗ್ಗ ಜಿಲ್ಲೆಯ ಸುಮಾರು ಎರಡರಷ್ಟು ವಿಸ್ತಾರವಿರುವ ಆ ನೆಲದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಂದು ಕರಡಿಗಳಿವೆಯೆಂದು ಅಂದಾಜು. ಬ್ರೂಕ್ಸ್ ನದಿಯ ಉದ್ದ ಎರಡೂವರೆ ಕಿಲೋಮೀಟರ್ ಕೂಡ ಇಲ್ಲ. ಬ್ರೂಕ್ಸ್ ಸರೋವರದಿಂದ ಹೊರಟು ನಾಕ್‌ನೆಕ್ ಸರೋವರಕ್ಕೆ ಸೇರಿದರೆ ಅದರ ಓಟ ಮುಗಿಯಿತು. ಜೋಗವನ್ನು ನೋಡಿ ಬೆಳೆದವರಿಗೆ ಅದರ ನಡುವಿನ ಜಲಪಾತ ಜಲಪಾತವೆಂದೇ ಅನ್ನಿಸದು, ಎತ್ತರ ಸುಮಾರು 6 ಅಡಿ ಮಾತ್ರ. ಆದರೆ ಮೇಲೇರುವ ಮೀನನ್ನು ಒಂದಿಷ್ಟು ಹೊತ್ತು ತಡೆದು ನಿಲ್ಲಿಸಲು ಅಷ್ಟು ಸಾಕು. ತಡೆದ ಮೀನು ಕೆಳಗಿನ ಗುಂಡಿಯಲ್ಲಿ ಗುಂಪುಗೂಡುತ್ತದೆ, ಗುಂಪುಗೂಡಿದಲ್ಲಿಗೆ ಕರಡಿ ಬರುತ್ತದೆ.

ಅಲ್ಲಿಗೆ ಬರುವುದು ಸಾಕ್‌ಐ ಎಂಬ ಜಾತಿಯ ಸಾಲ್ಮನ್. ಸಿಹಿನೀರಿನ ಜಲ್ಲಿಯ ನಡುವೆ ಮೊಟ್ಟೆಯೊಡೆದು ಹುಟ್ಟುವ ಮರಿ ಸಾಮಾನ್ಯವಾಗಿ ಒಂದೆರಡು ವರ್ಷ ಸರೋವರದಲ್ಲಿ ಬೆಳೆಯುತ್ತದೆ. ಆಮೇಲೆ ಹೊಳೆಯಿಳಿದು ಬ್ರಿಸ್ಟಲ್ ಕೊಲ್ಲಿಯ ಮೂಲಕ ಸಾಗರ ಸೇರಿ, ಎರಡು ಮೂರು ವರ್ಷ ಅಲ್ಲಿ ಮೇಯ್ದು, ಎರಡು ಮೂರು ಕಿಲೋ ತೂಗುವಷ್ಟಾಗಿ ಹುಟ್ಟಿದ ನೀರಿಗೇ ಮರಳುತ್ತದೆ. ವಿಶಾಲ ಸಾಗರದಲ್ಲಿ ದಾರಿ ತೋರಿಸುವುದರಲ್ಲಿ ಭೂಮಿಯ ಕಾಂತಕ್ಷೇತ್ರದ ಪಾಲಿದೆಯೆಂದೂ, ಕೊನೆಯ ಹಂತದಲ್ಲಿ ಹೊಳೆಹೊಳೆಯನ್ನು ಬೇರೆ ಮಾಡಿ ಗುರುತಿಸುವುದು ನೀರಿನ ವಾಸನೆಯಿಂದ ಎಂದೂ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಈ ವಾಸನೆಯ ನೆನಪನ್ನು 1950ರ ದಶಕದಿಂದ ಪ್ರಯೋಗಗಳ ಮೂಲಕ ತೋರಿಸಿಕೊಟ್ಟವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಥರ್ ಹ್ಯಾಸ್ಲರ್ ಮತ್ತು ಅವರ ಸಹೋದ್ಯೋಗಿಗಳು.

ಸಿಹಿನೀರನ್ನು ಹೊಕ್ಕ ಮೇಲೆ ಸಾಕ್‌ಐ ಏನನ್ನೂ ತಿನ್ನುವುದಿಲ್ಲ. ಸಾಗರದಲ್ಲಿ ಕೂಡಿಟ್ಟ ಕೊಬ್ಬನ್ನೂ ಮಾಂಸವನ್ನೂ ಕರಗಿಸಿಕೊಂಡೇ ಅದು ಈಜುತ್ತದೆ, ಮೊಟ್ಟೆಯನ್ನೋ ಬೀಜರಸವನ್ನೋ ಬಲಿಸಿಕೊಳ್ಳುತ್ತದೆ. ಬೆಳ್ಳಿಬಣ್ಣದ ಮೈ ವಾರಗಳಲ್ಲಿ ಕಡುಕೆಂಪಾಗುತ್ತದೆ, ತಲೆ ಹಸಿರಾಗುತ್ತದೆ, ಗಂಡಿನ ದವಡೆ ಕೊಕ್ಕೆಯಾಗಿ ಬಾಗುತ್ತದೆ, ಬೆನ್ನು ಗೂನಾಗುತ್ತದೆ. ಮಾಂಸದಲ್ಲಿದ್ದ ಕೆಂಪು ವರ್ಣದ್ರವ್ಯವೇ ಚರ್ಮಕ್ಕೂ ಮೊಟ್ಟೆಗೂ ಸಾಗಿ ಹೋಗುವುದರಿಂದ ಮೀನು ಹೊರಗೆ ಕೆಂಪೇರಿದಂತೆ ಒಳಗೆ ಬಿಳಿಚಿಕೊಳ್ಳುತ್ತದೆ. ಹೆಣ್ಣು ಬಾಲ ಬಡಿದು ಜಲ್ಲಿಯಲ್ಲಿ ಗುಳಿ ತೋಡಿ, ಸಾವಿರಾರು ಮೊಟ್ಟೆಗಳನ್ನು ಇಟ್ಟು, ಮತ್ತೆ ಜಲ್ಲಿ ಮುಚ್ಚಿ, ಶಕ್ತಿಯಿರುವಷ್ಟು ದಿನ ಅಲ್ಲಿಯೇ ಕಾವಲು ನಿಲ್ಲುತ್ತದೆ. ಆ ಹೊತ್ತಿಗೆ ರೆಕ್ಕೆಗಳು ಹರಿದಿರುತ್ತವೆ, ಮೈಮೇಲೆ ಬಿಳಿಯ ಬೂಷ್ಟು ಹಿಡಿದಿರುತ್ತದೆ. ಸಾಲ್ಮನ್ನಿನ ಈ ಕೊನೆಯ ದಿನಗಳನ್ನು ನೋಡುವುದು ಕರಡಿಯ ಬೇಟೆಯನ್ನು ನೋಡುವುದಕ್ಕಿಂತ ನನಗೆ ಹೆಚ್ಚು ಕಷ್ಟವೆನಿಸಿದೆ. ಆದರೂ ಅದನ್ನು ಬಿಟ್ಟು ಬಂದವರು ಅರ್ಧ ಮಾತ್ರ ನೋಡಿ ಬಂದಂತೆ ಎಂದೇ ನನ್ನ ಅಭಿಪ್ರಾಯ.

ಈಗ ಕರಡಿಯ ಕಡೆಗೆ ಬರುತ್ತೇನೆ. ಜೂನ್ ಕೊನೆಗೆ ಮೀನಿನ ಮೊದಲ ಗುಂಪುಗಳು ಬ್ರೂಕ್ಸ್ ನದಿಯನ್ನು ಮುಟ್ಟುತ್ತವೆ. ಜುಲೈ ತಿಂಗಳಲ್ಲಿ ಜಲಪಾತದ ಸುತ್ತ ಒಂದೇ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ಕರಡಿಗಳು ಸೇರುವುದುಂಟು. ಬೇರೆ ಸಮಯದಲ್ಲಿ ಒಂಟಿಯಾಗಿ ಅಲೆಯುವ ಪ್ರಾಣಿಗಳು ಇವು. ಇಷ್ಟು ಹತ್ತಿರ ಹತ್ತಿರ ನಿಲ್ಲಲು ಅವುಗಳಿಗೆ ಸಾಧ್ಯವಾಗುವುದು ಮೀನು ಹೇರಳವಾಗಿರುವುದರಿಂದ, ಮತ್ತು ತಮ್ಮೊಳಗೆ ಯಾರಿಗೆ ಯಾರು ದಾರಿ ಬಿಡಬೇಕೆಂಬುದು ಅವುಗಳಿಗೆ ಚೆನ್ನಾಗಿ ಗೊತ್ತಿರುವುದರಿಂದ. ದೊಡ್ಡ ಗಂಡು ನಡೆದು ಬಂದರೆ ಚಿಕ್ಕದು ತಲೆ ತಗ್ಗಿಸಿ, ಮುಖ ಹೊರಳಿಸಿ ಜಾಗ ತೆರವು ಮಾಡುತ್ತದೆ. ನೋಡುವವರಿಗೆ ಇದು ಏನೂ ನಡೆಯದ ಹಾಗೆ ಕಾಣುತ್ತದೆ, ಆದರೆ ಆ ಕ್ಷಣದಲ್ಲಿ ಒಂದು ಕಾದಾಟ ತಪ್ಪಿಹೋಗಿರುತ್ತದೆ. ಹಲ್ಲುಹಲ್ಲಿನ ಜಗಳ ನಡೆಯುವುದಿಲ್ಲವೆಂದಲ್ಲ. ನಡೆದಾಗ ಅದು ಭೀಕರವಾಗಿರುತ್ತದೆ, ಗಾಯದ ಗುರುತುಗಳು ವರ್ಷಗಟ್ಟಲೆ ಉಳಿಯುತ್ತವೆ.

ಎಲ್ಲ ಕರಡಿಗಳೂ ಒಂದೇ ರೀತಿಯಲ್ಲಿ ಮೀನು ಹಿಡಿಯುವುದಿಲ್ಲ ಎಂಬುದು ನನಗೆ ಈ ನೋಟದ ಅತ್ಯಂತ ರುಚಿಯಾದ ಭಾಗ. ಚಿತ್ರಗಳಲ್ಲಿ ಕಾಣುವ, ನೆತ್ತಿಯ ಮೇಲೆ ನಿಂತು ಬಾಯ್ದೆರೆಯುವ ವಿಧಾನ ಹಲವು ವಿಧಾನಗಳಲ್ಲಿ ಒಂದು ಮಾತ್ರ. ನೆತ್ತಿಯ ಆ ಜಾರುಗಲ್ಲಿನ ಮೇಲೆ ಕಾಲೂರಿ ಗಂಟೆಗಟ್ಟಲೆ ನಿಲ್ಲುವುದು ಸುಲಭವಲ್ಲ, ಎಗರಿದ ಮೀನೆಲ್ಲ ಬಾಯಿಗೆ ಬರುವುದೂ ಇಲ್ಲ. ಬಲಿಷ್ಠ ಗಂಡುಗಳು ಹೆಚ್ಚಾಗಿ ಆಯ್ದುಕೊಳ್ಳುವುದು ಜಲಪಾತದ ಬುಡದಲ್ಲಿ ನೊರೆಯೇಳುವ ಗುಂಡಿಯನ್ನು. ಅಲ್ಲಿ ಎದೆಯುದ್ದದ ನೀರಿನಲ್ಲಿ ಕುಳಿತು, ಕಾಲಿಗೋ ಹೊಟ್ಟೆಗೋ ತಾಗಿದ ಮೀನನ್ನು ಪಂಜದಿಂದ ತಳಕ್ಕೆ ಒತ್ತಿ ಹಿಡಿದು, ಆಮೇಲೆ ತಲೆ ಮುಳುಗಿಸಿ ಬಾಯಲ್ಲಿ ಎತ್ತುತ್ತವೆ. ಕೆಲವು ಮುಖವನ್ನು ನೀರಿನೊಳಗಿಟ್ಟು ಹುಡುಕುತ್ತ ಸಾಗುತ್ತವೆ. ಇನ್ನು ಕೆಲವು ಕಡಿಮೆ ನೀರಿನಲ್ಲಿ ಅಟ್ಟಿಸಿಕೊಂಡು ಹೋಗುತ್ತವೆ. ಈ ಅಟ್ಟುವ ವಿಧಾನ ಹೆಚ್ಚಾಗಿ ಎಳೆಯ ಕರಡಿಗಳದು. ಅದರಲ್ಲಿ ಖರ್ಚಾಗುವ ಶಕ್ತಿಗೆ ಹೋಲಿಸಿದರೆ ಸಿಗುವ ಮೀನು ಕಡಿಮೆ. ಬೇರೆಯವರು ಹಿಡಿದ ಮೀನನ್ನು ಕಸಿದುಕೊಂಡೇ ಹೊಟ್ಟೆ ತುಂಬಿಸಿಕೊಳ್ಳುವವೂ ಇವೆ. ದೊಡ್ಡದರ ಪಕ್ಕದಲ್ಲಿ ಕುಳಿತು, ಅದು ಬಿಟ್ಟ ತುಣುಕಿಗಾಗಿ ನರಳುತ್ತ ಕಾಯುವವೂ ಇವೆ.

480 ಎಂಬ ಸಂಖ್ಯೆಯಿಂದ ಗುರುತಿಸಲ್ಪಡುತ್ತಿದ್ದ, ಓಟಿಸ್ ಎಂದು ಹೆಸರಾದ ಮುದಿ ಗಂಡು ಕರಡಿಯನ್ನು ಇಲ್ಲಿ ನೆನೆಯಬೇಕು. ಹಲವು ಹಲ್ಲುಗಳನ್ನು ಕಳೆದುಕೊಂಡಿದ್ದ ಆ ಕರಡಿ ಯಾರೊಡನೆಯೂ ಪೈಪೋಟಿಗಿಳಿಯದೆ, ಜಲಪಾತದ ಒಂದು ಪಕ್ಕದಲ್ಲಿ ತನ್ನದೇ ಆದ ಜಾಗದಲ್ಲಿ ಅಲುಗಾಡದೆ ಕುಳಿತು, ಕೈಗೆಟುಕಿದ ಮೀನನ್ನು ಮಾತ್ರ ಹಿಡಿಯುತ್ತಿತ್ತು. ಓಡಾಡಿ ದಣಿಯುವ ಎಳೆಯ ಕರಡಿಗಳ ನಡುವೆ ಅದು ಹೀಗೆಯೇ ವರ್ಷವರ್ಷವೂ ಮೈ ತುಂಬಿಕೊಂಡಿತು. ಚಳಿಗಾಲಕ್ಕೆ ಮುಂಚೆ ಯಾವ ಕರಡಿ ಚೆನ್ನಾಗಿ ದಪ್ಪವಾಗಿದೆಯೆಂದು ಜನರು ಮತ ಹಾಕುವ ಸ್ಪರ್ಧೆಯೊಂದನ್ನು ಉದ್ಯಾನದವರು 2014ರಲ್ಲಿ ಆರಂಭಿಸಿದಾಗ ಮೊದಲ ಗೆಲುವು ಇದರದೇ ಆಗಿತ್ತು, ಆಮೇಲೆ ಇನ್ನೂ ಮೂರು ಬಾರಿ ಗೆದ್ದಿತು. ಕಡಿಮೆ ಖರ್ಚು ಮಾಡುವ ಬೇಟೆಗಾರನ ಲೆಕ್ಕಾಚಾರವನ್ನು ಓಟಿಸ್‌ನಷ್ಟು ಸ್ಪಷ್ಟವಾಗಿ ತೋರಿಸಿದ ಕರಡಿ ಇನ್ನೊಂದಿಲ್ಲ.

ತಾಯಿಯ ಜೊತೆ ಬರುವ ಮರಿಗಳು ಸಾಮಾನ್ಯವಾಗಿ ಎರಡೂವರೆ ವರ್ಷ ಅವಳೊಡನಿದ್ದು ಇದನ್ನೆಲ್ಲ ನೋಡಿ ಕಲಿಯುತ್ತವೆ. ಆದರೆ ಮರಿಗಳಿಗೆ ಜಲಪಾತ ಅಪಾಯದ ಜಾಗ. ದೊಡ್ಡ ಗಂಡುಗಳು ಮರಿಗಳನ್ನು ಕೊಲ್ಲುವುದುಂಟು; ಆದ್ದರಿಂದ ಅನೇಕ ತಾಯಂದಿರು ಮರಿಗಳನ್ನು ಮರ ಹತ್ತಿಸಿಯೋ ದಡದಲ್ಲಿ ಕೂರಿಸಿಯೋ ತಾವು ಮಾತ್ರ ನೀರಿಗಿಳಿಯುತ್ತಾರೆ. 128 ಸಂಖ್ಯೆಯ ಗ್ರೇಜರ್ ಎಂಬ ತಾಯಿ ಗಂಡುಗಳಿಗೂ ಎದುರು ನಿಲ್ಲುವುದಕ್ಕೆ ಪ್ರಸಿದ್ಧಳು. 2024ರ ಜುಲೈಯಲ್ಲಿ ಅವಳ ಮರಿಗಳು ಪ್ರವಾಹಕ್ಕೆ ಸಿಕ್ಕಿ ಜಲಪಾತದ ಕೆಳಗೆ ಬಿದ್ದಾಗ ಚಂಕ್ ಎಂಬ ಭಾರೀ ಗಂಡು ಅವುಗಳ ಮೇಲೆರಗಿತು. ತಾಯಿ ಹೋರಾಡಿದಳು, ಆದರೂ ಒಂದು ಮರಿ ಉಳಿಯಲಿಲ್ಲ. ಇದನ್ನು ಕಂಡು ಕರಡಿಯನ್ನು ಕ್ರೂರಿಯೆನ್ನುವವರಿದ್ದಾರೆ. ಮನುಷ್ಯರ ನ್ಯಾಯವನ್ನು ಅಲ್ಲಿಗೆ ಒಯ್ಯುವುದರಿಂದ ಕರಡಿಯ ಬಗ್ಗೆ ಏನೂ ತಿಳಿಯದು ಎಂದಷ್ಟೇ ನಾನು ಹೇಳಬಲ್ಲೆ.

ಇಷ್ಟೊಂದು ತಿನ್ನುವುದೇಕೆ ಎಂಬ ಪ್ರಶ್ನೆಗೆ ಉತ್ತರ ಚಳಿಗಾಲದಲ್ಲಿದೆ. ಸುಮಾರು ಅರ್ಧ ವರ್ಷ ಈ ಕರಡಿಗಳು ಗವಿಯಲ್ಲಿ ಮಲಗಿರುತ್ತವೆ. ಆ ಅವಧಿಯಲ್ಲಿ ಅನ್ನವಿಲ್ಲ, ನೀರಿಲ್ಲ, ಮಲಮೂತ್ರವಿಲ್ಲ. ಮೈತೂಕದ ಮೂರನೇ ಒಂದು ಭಾಗದವರೆಗೂ ಕರಗಿಹೋಗಬಹುದು. ಒಂದು ಸಾಕ್‌ಐ ಮೀನಿನಲ್ಲಿ ಸುಮಾರು 4,500 ಕ್ಯಾಲೊರಿಗಳಿವೆ. ಪ್ರಬಲ ಗಂಡು ಒಳ್ಳೆಯ ದಿನದಲ್ಲಿ 30ಕ್ಕೂ ಹೆಚ್ಚು ಮೀನು ತಿನ್ನಬಲ್ಲದು. ಶರತ್ಕಾಲದ ಕೊನೆಗೆ ಅಂಥ ಗಂಡಿನ ತೂಕ 450 ಕಿಲೋ ದಾಟುತ್ತದೆ. ಹೆಣ್ಣಿನ ವಿಷಯದಲ್ಲಂತೂ ಈ ಕೊಬ್ಬಿಗೆ ಇನ್ನೂ ಹೆಚ್ಚಿನ ಮಹತ್ವವಿದೆ. ಬೇಸಿಗೆಯ ಆರಂಭದಲ್ಲಿ ಕೂಡಿದರೂ ಭ್ರೂಣವು ಗರ್ಭಕೋಶಕ್ಕೆ ಅಂಟಿಕೊಳ್ಳದೆ ತಿಂಗಳುಗಳ ಕಾಲ ತೇಲುತ್ತಿರುತ್ತದೆ. ತಾಯಿ ಸಾಕಷ್ಟು ಕೊಬ್ಬು ಕೂಡಿಟ್ಟು ಗವಿ ಸೇರಿದರೆ ಮಾತ್ರ ಅದು ಬೆಳೆಯತೊಡಗುತ್ತದೆ. ನಡುಚಳಿಗಾಲದಲ್ಲಿ ಹುಟ್ಟುವ, ಅರ್ಧ ಕಿಲೋ ಕೂಡ ತೂಗದ ಮರಿಗೆ ತಾಯಿ ಉಣಿಸುವ ಹಾಲು ಹೋದ ಜುಲೈಯಿಂದ ಸೆಪ್ಟೆಂಬರ್‌ವರೆಗೆ ತಿಂದ ಮೀನಿನಿಂದ ಬಂದದ್ದು. ನಮ್ಮ ಭದ್ರಾ ಕಾಡಿನ ಕರಡಿ ಗೆದ್ದಲು, ಇರುವೆ, ಜೇನು, ಹಣ್ಣುಗಳಲ್ಲಿ ವರ್ಷವಿಡೀ ಬದುಕುತ್ತದೆ, ಚಳಿಗಾಲದ ನಿದ್ದೆಯೂ ಅದಕ್ಕಿಲ್ಲ. ಆದ್ದರಿಂದ ಅದಕ್ಕೆ ಹೀಗೆ ಒಂದೇ ಸುಗ್ಗಿಯನ್ನು ನಂಬಿಕೊಳ್ಳುವ ಒತ್ತಡವಿಲ್ಲ.

ಮೀನು ಹೇರಳವಾಗಿರುವ ದಿನಗಳಲ್ಲಿ ಕರಡಿ ಇಡೀ ಮೀನನ್ನು ತಿನ್ನುವುದಿಲ್ಲ. ಮಿದುಳು, ಚರ್ಮ, ಮೊಟ್ಟೆ, ಹೀಗೆ ಕೊಬ್ಬು ಹೆಚ್ಚಿರುವ ಭಾಗಗಳನ್ನು ತಿಂದು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಇದನ್ನು ದಂಡವೆಂದು ತಿಳಿಯಬೇಡಿ. ಕಡಲಕ್ಕಿಗಳು, ಬಕ್ಕತಲೆ ಹದ್ದುಗಳು, ನರಿಗಳು, ಬಲವಿಲ್ಲದ ಎಳೆಯ ಕರಡಿಗಳು ಆ ಉಳಿಕೆಯನ್ನೇ ಕಾಯುತ್ತಿರುತ್ತವೆ. ಬೇರೆ ಕರಡಿಗಳ ಕಾಟ ತಪ್ಪಿಸಿಕೊಳ್ಳಲು ಮೀನನ್ನು ಕಚ್ಚಿಕೊಂಡು ಕಾಡಿನೊಳಗೆ ಹೋಗಿ ತಿನ್ನುವುದೂ ಉಂಟು. ಅಲ್ಲಿ ಬಿಟ್ಟ ಅವಶೇಷವೂ ಕರಡಿಯ ಮಲಮೂತ್ರವೂ ಮಣ್ಣು ಸೇರುತ್ತವೆ. ಕಡಲಿನಿಂದ ಬಂದ ಸಾರಜನಕದಲ್ಲಿ ಅದರ ಭಾರವಾದ ಸಮಸ್ಥಾನಿಯ (ಅದೇ ಧಾತುವಿನ ತೂಕ ಹೆಚ್ಚಿರುವ ರೂಪದ) ಪ್ರಮಾಣ ಹೆಚ್ಚಿರುವುದರಿಂದ, ಮರದ ಎಲೆಯನ್ನು ಪರೀಕ್ಷಿಸಿ ಆ ಸಾರಜನಕದ ಮೂಲವನ್ನು ಹೇಳಬಹುದು. ಅಲಾಸ್ಕಾದ ಕೀನಾಯ್ ಪರ್ಯಾಯ ದ್ವೀಪದಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನವು, ಹೊಳೆಯಿಂದ ಅರ್ಧ ಕಿಲೋಮೀಟರ್ ಒಳಗಿನ ಸ್ಪ್ರೂಸ್ ಮರಗಳ ಎಲೆಗಳಲ್ಲಿದ್ದ ಸಾರಜನಕದ ಸುಮಾರು ಆರನೇ ಒಂದು ಭಾಗ ಸಾಲ್ಮನ್ನಿನಿಂದ ಬಂದದ್ದೆಂದೂ, ಅದರಲ್ಲಿ ಬಹುಪಾಲನ್ನು ಹಂಚಿದವು ಕರಡಿಗಳೆಂದೂ ತೋರಿಸಿತು. ಹೊಳೆಯ ಹರಿವಿಗೆ ಎದುರಾಗಿ, ಕೆಳಗಿನಿಂದ ಮೇಲಕ್ಕೆ, ಗೊಬ್ಬರವನ್ನು ಹೊತ್ತು ತರುವುದು ಮೀನು; ಅದನ್ನು ನೀರಿನಿಂದ ನೆಲಕ್ಕೆ ಎತ್ತಿಕೊಡುವುದು ಕರಡಿ.

ಕರಡಿಗೆ ಮೀನೇ ಸರ್ವಸ್ವವೆಂದೂ ತೀರ್ಮಾನಿಸಬಾರದು. ಅಲಾಸ್ಕಾದ ಕೋಡಿಯಾಕ್ ದ್ವೀಪದಲ್ಲಿ 2014ರ ಬೇಸಿಗೆ ಬಿಸಿಯಾಗಿದ್ದುದರಿಂದ ಕೆಂಪು ಎಲ್ಡರ್‌ಬೆರಿ ಹಣ್ಣುಗಳು ಬೇಗ ಮಾಗಿ, ಹಣ್ಣಿನ ಕಾಲವೂ ಮೀನಿನ ಕಾಲವೂ ಒಂದರ ಮೇಲೊಂದು ಬಂದವು. ಆಗ ಕರಡಿಗಳು ಮೀನು ತುಂಬಿದ ತೊರೆಗಳನ್ನು ಬಿಟ್ಟು ಗುಡ್ಡದ ಹಣ್ಣಿಗೆ ಹೋದವು. ಹವೆ ಬದಲಾದರೆ ಇಂಥ ಹೊಂದಾಣಿಕೆಗಳು ಹೇಗೆ ಕದಲುತ್ತವೆ ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆ ನನಗೆ ಗೊತ್ತಿಲ್ಲ.

ನೋಡುವವರ ನಡತೆಯ ಬಗ್ಗೆ ಸ್ವಲ್ಪ ಹೇಳಬೇಕು. ಬ್ರೂಕ್ಸ್ ಶಿಬಿರಕ್ಕೆ ರಸ್ತೆಯಿಲ್ಲ. ನೀರಿನ ಮೇಲಿಳಿಯುವ ಚಿಕ್ಕ ವಿಮಾನದಲ್ಲಿಯೋ ದೋಣಿಯಲ್ಲಿಯೋ ಹೋಗಬೇಕು. ಇಳಿದ ಕೂಡಲೇ ಮೊದಲು ಪಾಠ: ಕರಡಿಯಿಂದ ಸುಮಾರು 45 ಮೀಟರ್ ದೂರವಿರಬೇಕು, ಗೊತ್ತುಮಾಡಿದ ಜಾಗದ ಹೊರಗೆ ಒಂದು ಬಿಸ್ಕತ್ತನ್ನೂ ತಿನ್ನಬಾರದು, ಕರಡಿ ದಾರಿಯಲ್ಲಿದ್ದರೆ ನಾವೇ ಕಾಯಬೇಕು. ಜಲಪಾತದ ಅಟ್ಟಣೆಯ ಮೇಲೆ ಒಂದು ಹೊತ್ತಿಗೆ 40 ಜನರಿಗಷ್ಟೇ ಅವಕಾಶ. ಗಾಳ ಹಾಕುವವರು ಕರಡಿ ಹತ್ತಿರ ಬಂದರೆ ದಾರವನ್ನು ಕತ್ತರಿಸಿಬಿಡಬೇಕು. ಏಕೆಂದರೆ ಮನುಷ್ಯರ ಬಳಿ ಮೀನು ಸಿಗುತ್ತದೆಯೆಂದು ಕರಡಿ ಒಮ್ಮೆ ಕಲಿತರೆ ಅದನ್ನು ಮರೆಸಲಾಗದು. ಇದೇ ರಾಜ್ಯದ ಮೆಕ್‌ನೀಲ್ ನದಿಯ ಅಭಯಾರಣ್ಯದಲ್ಲಿ ನಿಯಮ ಇನ್ನೂ ಬಿಗಿ: ಲಾಟರಿ ಎತ್ತಿ ದಿನಕ್ಕೆ 10 ಜನರನ್ನಷ್ಟೇ ಜಲಪಾತಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ಮೂವತ್ತು ವರ್ಷದಷ್ಟು ಕಾಲ ಮೇಲ್ವಿಚಾರಣೆ ನೋಡಿಕೊಂಡ ಲ್ಯಾರಿ ಔಮಿಲ್ಲರ್ ಅವರು ಬಲವಾಗಿ ನಂಬಿದ್ದ ತತ್ವ ಸರಳವಾದದ್ದು: ಮನುಷ್ಯರು ದಿನವೂ ಅದೇ ದಾರಿಯಲ್ಲಿ, ಅದೇ ಹೊತ್ತಿಗೆ, ಅದೇ ರೀತಿ ಬಂದು ಕುಳಿತರೆ, ಏನನ್ನೂ ಕೊಡದೆ ಏನನ್ನೂ ಕಸಿಯದೆ ಇದ್ದರೆ, ಕರಡಿಗೆ ಅವರ ಭಯವೂ ಆಸೆಯೂ ಹುಟ್ಟುವುದಿಲ್ಲ. ಒಂದು ಹುಲಿಗೆ ಹತ್ತು ಜೀಪು ಮುತ್ತುವ ನಮ್ಮ ಸಫಾರಿಗಳಲ್ಲಿ ಈ ಶಿಸ್ತು ಬಂದರೆ ನೋಡುವವರಿಗೂ ಪ್ರಾಣಿಗೂ ಎಷ್ಟು ನೆಮ್ಮದಿಯಾದೀತು ಎಂದು ಆ ಅಟ್ಟಣೆಯ ಮೇಲೆ ನಿಂತಾಗ ನನಗೆ ಅನ್ನಿಸಿತ್ತು, ಈಗಲೂ ಅನ್ನಿಸುತ್ತಿದೆ.

ಹೊಳೆಯ ಮಾತಿಗೆ ಮರಳುತ್ತೇನೆ. ಒಂದು ಕಾಲದಲ್ಲಿ ಈ ನೋಟ ಅಲಾಸ್ಕಾಕ್ಕೆ ಸೀಮಿತವಾಗಿರಲಿಲ್ಲ. ವಾಷಿಂಗ್ಟನ್ ರಾಜ್ಯದ ಕೊಲಂಬಿಯಾ ನದಿಯ ಕಣಿವೆಯಲ್ಲಿಯೂ ಸಾಲ್ಮನ್ ತಿಂದು ಬದುಕುತ್ತಿದ್ದ ಕಂದು ಕರಡಿಗಳಿದ್ದವೆಂದು ಸಂಗ್ರಹಾಲಯಗಳಲ್ಲಿ ಉಳಿದ ಮೂಳೆ, ಕೂದಲುಗಳ ಪರೀಕ್ಷೆಯಿಂದ ತಿಳಿದಿದೆ. ಅಲ್ಲಿ ಕರಡಿಯನ್ನು ಬಂದೂಕು ಮುಗಿಸಿತು. ಮೀನಿನ ದಾರಿಯನ್ನು ಅಣೆಕಟ್ಟುಗಳು ಕಡಿದವು. 1942ರಲ್ಲಿ ಪೂರ್ಣಗೊಂಡ ಗ್ರ್ಯಾಂಡ್ ಕೂಲಿ ಅಣೆಕಟ್ಟಿನಲ್ಲಿ ಮೀನು ಏರಲು ಮೆಟ್ಟಿಲನ್ನೇ ಇಡಲಿಲ್ಲ. ಅದೇ ಹೊತ್ತಿಗೆ, ಹಾನಿಯೆಲ್ಲ ಶಾಶ್ವತವೆಂದೂ ಹೇಳಲಾಗದು. ಅಮೆರಿಕದ ಪಶ್ಚಿಮ ಭಾಗದ ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟುಗಳನ್ನು ತೆಗೆಯುವ ಕೆಲಸ 2024ರಲ್ಲಿ ಮುಗಿದು, ಅದೇ ಅಕ್ಟೋಬರ್‌ನಲ್ಲಿ ಸಾಲ್ಮನ್ ಆ ಜಾಗಗಳನ್ನು ದಾಟಿ ಮೇಲಕ್ಕೆ ಬಂದವು. ಬ್ರೂಕ್ಸ್ ನದಿಯ ಮೀನು ಸೇರುವ ಬ್ರಿಸ್ಟಲ್ ಕೊಲ್ಲಿಗೆ 2022ರಲ್ಲಿ ಮರಳಿದ ಸಾಕ್‌ಐಗಳ ಸಂಖ್ಯೆ ಏಳೂವರೆ ಕೋಟಿಯನ್ನು ಮೀರಿತ್ತು. ಅಲ್ಲಿನ ಹೊಳೆಗಳಿಗೆ ಅಣೆಕಟ್ಟುಗಳಿಲ್ಲ, ಆ ಜಲಾನಯನದಲ್ಲಿ ಯೋಜಿಸಿದ್ದ ಪೆಬಲ್ ಗಣಿಯ ತ್ಯಾಜ್ಯವನ್ನು ಅಲ್ಲಿ ಸುರಿಯುವುದನ್ನು ಅಮೆರಿಕದ ಪರಿಸರ ಸಂಸ್ಥೆ 2023ರ ಜನವರಿಯಲ್ಲಿ ನಿಷೇಧಿಸಿತು.

ಗಾಜನೂರು, ಲಕ್ಕವಳ್ಳಿ, ಲಿಂಗನಮಕ್ಕಿಗಳ ನೀರಿನಿಂದ ಉಂಡು, ಬೆಳಕು ಪಡೆದು ಬದುಕುವವರು ನಾವು. ಆ ಋಣವನ್ನು ಮರೆತು ಮಾತನಾಡಲಾರೆ. ಆದರೆ ತುಂಗೆಯ ಮೀನಿಗೂ ಏರುವ ದಾರಿ ಬೇಕೆಂಬುದನ್ನು ನಾವು ಗಟ್ಟಿಯಾಗಿ ಕೇಳಿಲ್ಲ. ತೀರ್ಥಹಳ್ಳಿಯ ಹತ್ತಿರದ ಚಿಬ್ಬಲಗುಡ್ಡೆಯಲ್ಲಿ ದೇವರ ಮೀನೆಂದು ಜನ ಕಾಪಾಡಿಕೊಂಡು ಬಂದಿರುವ ಮಡುವಿದೆ. ಮಡುವಿನಲ್ಲಿರುವ ಮೀನಿಗೆ ಇಷ್ಟು ಗೌರವ ಕೊಡುವ ಜನ, ಮಳೆಗಾಲದಲ್ಲಿ ಮೊಟ್ಟೆ ತುಂಬಿಕೊಂಡು ಹಳ್ಳ ಹತ್ತುವ ಮೀನನ್ನು ಮೊಟ್ಟೆಯಿಡುವವರೆಗಾದರೂ ಬಿಡಬೇಕು, ಹಳ್ಳದ ಅಗಲಕ್ಕೂ ಕೂಣಿ ಕಟ್ಟಿ ದಾರಿಯನ್ನೇ ಮುಚ್ಚಬಾರದು ಎಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಕೊನೆಯದಾಗಿ, ಅಷ್ಟು ದೂರ ಹೋಗಲಾಗದವರು ನೋಡುವುದು ಹೇಗೆ ಎಂದು ಹಲವರು ಕೇಳಿದ್ದೀರಿ. ಬ್ರೂಕ್ಸ್ ಜಲಪಾತದ ನೇರ ಪ್ರಸಾರದ ಕ್ಯಾಮೆರಾಗಳು 2012ರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಲಭ್ಯವಿವೆ. ಬೇಸಿಗೆಯಲ್ಲಿ ಅಲಾಸ್ಕಾದ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ, ಆದ್ದರಿಂದ ಅಲ್ಲಿಯ ಬೆಳಗಿನ ಆರು ಗಂಟೆ ಎಂದರೆ ಇಲ್ಲಿಯ ಸಂಜೆ ಏಳೂವರೆ. ಅಲ್ಲಿ ರಾತ್ರಿ ಹತ್ತು ದಾಟಿದರೂ ಬೆಳಕಿರುವುದರಿಂದ ನಮ್ಮ ಮರುದಿನದ ಬೆಳಗ್ಗೆಯೂ ನೋಡಬಹುದು. ಜುಲೈಯಲ್ಲಿ ಜಲಪಾತದ ಕ್ಯಾಮೆರಾ ನೋಡಿ. ಎಲ್ಲವನ್ನೂ ಒಟ್ಟಿಗೆ ನೋಡಲು ಹೋಗದೆ ಒಂದೇ ಕರಡಿಯನ್ನು ಆರಿಸಿಕೊಂಡು, ಅದು ಎಲ್ಲಿ ನಿಲ್ಲುತ್ತದೆ, ಯಾವುದಕ್ಕೆ ದಾರಿ ಬಿಡುತ್ತದೆ, ಮೀನಿನ ಯಾವ ಭಾಗವನ್ನು ಮೊದಲು ತಿನ್ನುತ್ತದೆ ಎಂಬುದನ್ನು ಗಮನಿಸಿ. ಆಗಸ್ಟ್‌ನಲ್ಲಿ ಜಲಪಾತ ಬರಿದಾಗಿ ಕಂಡರೆ ಬೇಸರಪಡಬೇಡಿ. ಮೀನು ಮೇಲೇರಿ ಹೋಗಿರುತ್ತದೆ, ಇನ್ನೂ ಸುಸ್ತಾಗಿರುವುದಿಲ್ಲ, ಕರಡಿಗಳು ಬೇರೆ ತೊರೆಗಳಿಗೆ ಚದುರಿರುತ್ತವೆ. ಸೆಪ್ಟೆಂಬರ್‌ನಲ್ಲಿ ಅವು ಮೊಟ್ಟೆಯಿಟ್ಟು ಸೋತ ಮೀನನ್ನು ಹುಡುಕಿಕೊಂಡು ಹೊಳೆಯ ಕೆಳಭಾಗಕ್ಕೆ ಮರಳುತ್ತವೆ. ಆಗ ಕೆಳಗಿನ ಸೇತುವೆಯ ಬಳಿಯ ಕ್ಯಾಮೆರಾಕ್ಕೆ ಬದಲಾಯಿಸಿಕೊಳ್ಳಿ.